ಗಂಡನ ಹೆಸರಿನ ಎರಡು ಊರು

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ನಮ್ಮೂರಿನ ಬೋರ್ಡು ಕಂಡಾಗಲೆಲ್ಲ ನೀವು ನನ್ನ ಮುಖ ನೋಡಿ ನಗುತ್ತೀರಿ. "ಅಜ್ಜೀ, ಯಾವ ಊರು ಬಂತು ಹೇಳು" ಎಂದು ಕಾಡುತ್ತೀರಿ. ನಾನು "ಗುಂಡಿನೂರು" ಎನ್ನುತ್ತೇನೆ. ಬೋರ್ಡಿನ ಮೇಲೆ ಆ ಮಾತು ಕಂಸದೊಳಗಿದೆ. ಅದರ ಮುಂದಿರುವ ದೊಡ್ಡ ಹೆಸರನ್ನು ನಾನು ಹೇಳುವುದಿಲ್ಲ, ಏಕೆಂದರೆ ಅದು ನಿಮ್ಮ ಅಜ್ಜನ ಹೆಸರು. ಅವರು ತೀರಿಕೊಂಡು ಬಹಳ ಕಾಲವಾಯಿತು. ಆದರೂ ಅದು ನನ್ನ ಬಾಯಿಗೂ ಬರುವುದಿಲ್ಲ, ಬರೆಯುವ ಕೈಗೂ ಬರುವುದಿಲ್ಲ. ಈ ಹಾಳೆಗಳಲ್ಲಿ ಅವರ ಹೆಸರು ಹುಡುಕಬೇಡಿ, ಊರಿನ ಹೆಸರನ್ನೂ ಹುಡುಕಬೇಡಿ. ಒಂದು ಸಿಕ್ಕರೆ ಇನ್ನೊಂದು ಸಿಕ್ಕ ಹಾಗೆಯೇ.

ನೀವು ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಲ್ಲಿ ಮನೆಗೆ ನಂಬರು, ಬೀದಿಗೆ ನಂಬರು. ಯಾರ ಗಂಡನಿಗೂ ನಂಬರನ್ನು ಹೆಸರಾಗಿ ಇಟ್ಟಿಲ್ಲ. ಹಾಗಾಗಿ ನಮ್ಮ ಕಷ್ಟ ನಿಮಗೆ ತಿಳಿಯದು. ಆದರೆ ಕಂಸದೊಳಗಿನ ಆ ಸಣ್ಣ ಮಾತು ಅಲ್ಲಿ ಹೇಗೆ ಬಂದು ಕೂತಿತು ಎಂಬುದನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಈಗ ಯಾರೂ ಉಳಿದಿಲ್ಲ.

ಮದ್ರಾಸು ಸರಕಾರದ ಕಾಲ ಅದು. ನಮ್ಮ ಕಡೆ ಒಂದೇ ಹೆಸರಿನ ಎರಡು ಊರುಗಳಿದ್ದವು, ಈಗಲೂ ಇವೆ. ನಡುವೆ ವಿಜಯನಗರದ ರಾಯರ ಕಾಲದ ಕಾಲುವೆ, ಅದರ ಮೇಲೆ ಕಲ್ಲುಚಪ್ಪಡಿಯ ಸಣ್ಣ ಸೇತುವೆ. ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ನಾಯಿ ಬೊಗಳುತ್ತಿತ್ತು. ಎರಡೂ ಊರಿನ ಕಬ್ಬು, ಬಾಳೆ, ಭತ್ತ ಎಲ್ಲಕ್ಕೂ ಅದೇ ನೀರು. ಆ ದಂಡೆಯ ಊರಿನ ಮುಂದೆ ಒಂದು ದೊಡ್ಡ ಹುಣಸೆಮರ. ಈ ದಂಡೆಯ ಊರಿನ ಬೆನ್ನಿಗೆ ಹಂಪಿಯ ಕಡೆ ಇರುವಂಥದ್ದೇ ಒಂದು ದುಂಡನೆಯ ಕಲ್ಲುಗುಂಡು, ಮನೆಯಷ್ಟು ದೊಡ್ಡದು, ಇನ್ನೊಂದು ಗುಂಡಿನ ಮೇಲೆ ಈಗ ಉರುಳುತ್ತೇನೆ ಆಗ ಉರುಳುತ್ತೇನೆ ಎಂದು ಹೆದರಿಸುತ್ತ ಕೂತಿದೆ. ನಾನು ಹುಟ್ಟಿದ್ದು ಹುಣಸೆಮರದ ಊರಿನಲ್ಲಿ. ನನ್ನನ್ನು ಕೊಟ್ಟದ್ದು ಗುಂಡಿನ ಊರಿಗೆ.

ಎರಡೂ ಊರಿಗೆ ಹೆಸರು ಬಂದದ್ದು ಒಬ್ಬ ತಾತನಿಂದ. ಮನೆಮಾರು ಬಿಟ್ಟು ತಿರುಗುವ ಸಾಧುವನ್ನು ನಮ್ಮ ಸೀಮೆಯಲ್ಲಿ ತಾತ ಎನ್ನುತ್ತಾರೆ. ಆ ತಾತ ಎಲ್ಲಿಂದಲೋ ಬಂದು, ಕಾಲುವೆಯ ದಂಡೆಯಲ್ಲಿ ಬಾಳಿ, ಅಲ್ಲೇ ಸೇತುವೆಯ ಪಕ್ಕದಲ್ಲಿ ಸಮಾಧಿಯಾಗಿ ಗದ್ದುಗೆಯಾದ. ಅಷ್ಟನ್ನು ಎಲ್ಲರೂ ಒಪ್ಪುತ್ತಿದ್ದರು. ಅದರಾಚೆಗೆ ಒಪ್ಪಿಗೆ ಇರಲಿಲ್ಲ. ತಾತ ಮೊದಲು ಬೆತ್ತ ಊರಿದ್ದು ನಮ್ಮ ಹುಣಸೆಯ ಕೆಳಗೆ ಎಂದು ನನ್ನ ಅಪ್ಪ ಹೇಳುತ್ತಿದ್ದ. ಮೊದಲು ನಮ್ಮ ಗುಂಡಿನ ನೆರಳಲ್ಲಿ ಮಲಗಿ, ಎದ್ದ ಮೇಲೆ ಆ ಕಡೆ ಹೋದದ್ದು ಎಂದು ನನ್ನ ಮಾವ ಹೇಳುತ್ತಿದ್ದರು. ಅವ್ವನಿಗೆ ಇದೆಲ್ಲ ನಗೆಯ ಮಾತು.

"ಹಸಿದ ತಾತ ರೊಟ್ಟಿ ಒಂದೂರಾಗ ಇಸ್ಕೊಂಡ, ಪಲ್ಯ ಇನ್ನೊಂದೂರಾಗ ಇಸ್ಕೊಂಡ. ರೊಟ್ಟಿ ಮೊದಲೋ ಪಲ್ಯ ಮೊದಲೋ ಅಂತ ಇವರು ಬಡಿದಾಡ್ತಾರ ನೋಡು."

ತಾತನ ಹೆಸರು ಊರಿಗೆ ಬಂದ ಮೇಲೆ ಮಕ್ಕಳಿಗೂ ಬಂತು. ಎರಡೂ ಊರಿನಲ್ಲಿ ಮನೆಗೊಬ್ಬ ಗಂಡಸಿಗಾದರೂ ಅದೇ ಹೆಸರು. ಅವರನ್ನು ಗುರುತಿಸಲು ದೊಡ್ಡ, ಸಣ್ಣ, ಕರಿ, ಕೆಂಪು ಎಂದು ಮುಂದೆ ಏನಾದರೊಂದು ಸೇರಿಸುತ್ತಿದ್ದರು. ಗಂಡಸರಿಗೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ನಮಗೆ. ಗಂಡನ ಹೆಸರನ್ನು ಹೆಣ್ಣು ಬಾಯಿಬಿಟ್ಟು ಹೇಳಬಾರದು. ಗಂಡನದಲ್ಲದಿದ್ದರೆ ಮಾವನದು, ಮಾವನದಲ್ಲದಿದ್ದರೆ ಭಾವನದು. ಹೆಸರಿನ ತುಂಡು ಇನ್ನೊಂದು ಮಾತಿನೊಳಗೆ ಬಂದರೂ ಬಿಡಬೇಕು. ನಮ್ಮ ಓಣಿಯ ಒಬ್ಬಾಕೆಯ ಗಂಡನ ಹೆಸರಿನಲ್ಲಿ ಹಾಲು ಇತ್ತು. ಆಕೆ ಜೀವಮಾನವಿಡೀ ಹಾಲಿಗೆ "ಬಿಳೇದು" ಎಂದಳು. ನನ್ನ ಅತ್ತೆಯ ಮಾವನ ಹೆಸರೂ ತಾತನದೇ ಆದ್ದರಿಂದ ಅವರು ಹೆತ್ತ ಮಗನನ್ನೇ, ಅಂದರೆ ನಿಮ್ಮ ಅಜ್ಜನನ್ನೇ, "ದೊಡ್ಡಾ" ಎಂದು ಕರೆಯುತ್ತಿದ್ದರು.

ಹೀಗೆ ಎರಡು ಊರು ತುಂಬ ತಮ್ಮ ಊರಿನ ಹೆಸರು ಹೇಳಲಾರದ ಹೆಂಗಸರು. ನಾನು ಗುಡಿಯ ಶಾಲೆಯಲ್ಲಿ ನಾಲ್ಕನೆಯ ತನಕ ಓದಿದವಳು. ದಿನಾ ಬೆಳಿಗ್ಗೆ ಹಲಗೆಯ ಮೇಲ್ತುದಿಯಲ್ಲಿ ಊರಿನ ಹೆಸರು ಬರೆದೇ ಪಾಠ ಶುರುಮಾಡಬೇಕಿತ್ತು. ನನ್ನ ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಬೇರೆಯವರಿಗೆ ತೋರಿಸುತ್ತಿದ್ದರು. ಮದುವೆಯ ದಿನ ತಾಳಿ ಬಿದ್ದಕೂಡಲೇ ಆ ಹೆಸರು ನನ್ನ ಪಾಲಿಗೆ ಇಲ್ಲವಾಯಿತು. ಗಂಡನ ಊರಿನ ಹೆಸರು ಹೋಗುವುದು ಸರಿ. ನನಗೆ ಹುಟ್ಟಿದೂರಿನದೂ ಹೋಯಿತು.

ಆ ಹೆಸರನ್ನೇ ಹೇಳಲು ಒಂದೇ ದಾರಿ ಇತ್ತು, ಒಡಪು. ಮದುಮಗಳು ಹೊಸ್ತಿಲು ದಾಟುವಾಗ ನಾದಿನಿ ಬಾಗಿಲಿಗೆ ಕೈ ಅಡ್ಡ ಹಿಡಿಯುತ್ತಾಳೆ. ಪದ್ಯದೊಳಗೆ ಸೇರಿಸಿ ಗಂಡನ ಹೆಸರು ಹೇಳಿದರೆ ದಾರಿ. ಅವ್ವ ನನಗೆ ಒಂದು ಒಡಪು ಕಟ್ಟಿಕೊಟ್ಟಿದ್ದಳು:

"ಹಂಪಿ ಬಾಳಿ, ಕಂಪ್ಲಿ ಕಬ್ಬು, ಹೊಸಪ್ಯಾಟಿ ಬೆಲ್ಲ,
ಇಂಥವರ ಹೆಸರು ಹೇಳಾಕ ನನಗೇನು ನಾಚಿಕಿಲ್ಲ."

"ಇಂಥವರ" ಎಂಬಲ್ಲಿ ಹೆಸರು ಬರಬೇಕು. ನಾನು "ಬೆಲ್ಲ" ಎನ್ನುವ ತನಕ ಬಂದೆ. ಮುಂದೆ ನಾಲಿಗೆ ಏಳಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆ. ಕೊನೆಗೆ ನಾದಿನಿಯ ತೋಳಿನ ಕೆಳಗೆ ನುಸುಳಿ ಒಳಗೆ ಓಡಿಬಿಟ್ಟೆ. ಚಪ್ಪರವೆಲ್ಲ ನಕ್ಕಿತು. ಅಂದಿನಿಂದ ಅತ್ತೆ ನನ್ನನ್ನು ಕರೆದದ್ದೇ "ಏ ಬೆಲ್ಲ" ಎಂದು.

ಒಂದೇ ಹೆಸರಿನಿಂದ ಫಜೀತಿಗಳು ಮೊದಲಿನಿಂದಲೂ ಇದ್ದವು. ಒಮ್ಮೆ ಎರಡೂ ಊರಿನಲ್ಲಿ ಒಂದೇ ದಿನ ಮದುವೆ, ಇಬ್ಬರು ಮದುಮಗರಿಗೂ ತಾತನ ಹೆಸರು. ಸಂಡೂರು ಸಂಸ್ಥಾನದ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ಬೀಗರು ತಪ್ಪು ಊರಿನ ಚಪ್ಪರಕ್ಕೆ ಹೋಗಿ, ಹೋಳಿಗೆ ಉಂಡು, ಅಕ್ಷತೆ ಹಾಕಿ, ತಾಮ್ರದ ಹಂಡೆ ಮುಯ್ಯಿ ಮಾಡಿ ಹೊರಟರು. ಸೇತುವೆಯ ಹತ್ತಿರ ಇನ್ನೊಂದು ಓಲಗ ಕೇಳಿದ ಮೇಲೆ ಅವರಿಗೆ ಗೊತ್ತಾಯಿತು. ಹಂಡೆ ಮಾತ್ರ ವಾಪಸು ಬರಲಿಲ್ಲ. "ತಾತನ ಹೆಸರಿನವಗ ಬಂದದ್ದು ತಾತನೇ ಕೊಟ್ಟಂಗ" ಎಂದು ಆ ಮನೆಯವರು ಅದರಲ್ಲಿ ನೀರು ಕಾಯಿಸಿದರು.

ಇಂಥದ್ದಕ್ಕೆ ನಗಬಹುದು. ಕಾಲುವೆಯ ನೀರಿನ ಸರದಿಯ ಹುಕುಂ ಒಂದೂರಿಗೆ ಬರಬೇಕಾದದ್ದು ಇನ್ನೊಂದೂರಿಗೆ ಹೋದಾಗ ಯಾರೂ ನಗಲಿಲ್ಲ. ಗದ್ದೆ ಒಣಗಿದವರು ಹೊಸಪೇಟೆಯ ಕಚೇರಿಗೆ ಹೋಗಿ ದೂರಿದರು. ಕಚೇರಿಯವರು ಸುಲಭದ ದಾರಿ ಹೇಳಿದರು: ಒಂದು ಊರು ಹಳೇದು ಎನಿಸಿಕೊಳ್ಳಲಿ, ಒಂದು ಹೊಸದು ಎನಿಸಿಕೊಳ್ಳಲಿ. ಯಾವುದು ಯಾವುದೆಂದು ನೀವೇ ಕೂಡಿ ತಿಳಿಸಿ.

ಅಲ್ಲಿಂದ ಶುರುವಾಯಿತು. ಎರಡೂ ಊರಿಗೆ ಹಳೇದಾಗಬೇಕು. ನಮ್ಮ ಮಾವ ಊರಿನ ಗೌಡರು. ಅವರ ಕಟ್ಟೆಯ ಮೇಲೆ ದಿನವೂ ಅದೇ ಮಾತು.

"ಹೊಸದು ಅನಿಸ್ಕೊಂಡ್ರ ಏನ್ ಗಂಟು ಹೋಗ್ತೈತ್ರಿ ಗೌಡ್ರ? ಹೊಸಪ್ಯಾಟಿಯವರು ಅನಿಸ್ಕೊಂಡಿಲ್ಲೇನು?" ಎಂದು ಒಬ್ಬ ಮುದುಕ ಕೇಳಿದ.

"ಅದಕ್ಕ ಹೇಳೋದಲೇ! ರಾಯರ ಕಾಲಕ್ಕ ಹೊಸದಾಗಿದ್ದು ಇನ್ನೂ ಹೊಸದೇ ಐತಿ. ಒಮ್ಮೆ ಹೊಸದು ಅಂದ್ರ ಜೀವಮಾನ ಹೊಸದು. ನಮ್ಮ ಮೊಮ್ಮಕ್ಕಳು ಆ ಕಡೆಯವರ ಮುಂದ ಸಣ್ಣವರಾಗಿ ಕುಂದ್ರಬೇಕೇನು?"

ಒಂದು ದಿನ ಸೇತುವೆಯ ಆ ತುದಿಯ ಕಲ್ಲಿನ ಮೇಲೆ ಸುಣ್ಣದಲ್ಲಿ "ಹಳೇ" ಎಂದು ಬರೆದು ಮುಂದೆ ಊರಿನ ಹೆಸರು ಬರೆದಿದ್ದರು. ಮರುದಿನವೇ ಈ ತುದಿಯ ಕಲ್ಲಿನ ಮೇಲೂ ಅದೇ ಎದ್ದಿತು, ಇನ್ನಷ್ಟು ದಪ್ಪಗೆ. ಮಾವ ಗದ್ದುಗೆಯ ಮುಂದೆ ನಿಂತು ಹೇಳಿಬಿಟ್ಟರು: "ಆ ಕಡೆಯವರು ಆ ಅಕ್ಷರ ಅಳಿಸೋವರೆಗೂ ನಮ್ಮನಿ ಹೆಣ್ಣು ಕಾಲುವಿ ದಾಟಂಗಿಲ್ಲ." ಆ ಕಡೆಯಿಂದ ನನ್ನ ಅಪ್ಪನೂ ಹೇಳಿ ಕಳಿಸಿದ: "ಅವರು ಅಳಿಸೋವರೆಗೂ ನಾ ಮಗಳನ್ನ ಕರಿಯಾಕ ಬಂಡಿ ಕಟ್ಟಂಗಿಲ್ಲ."

ನಾನು ಆಗ ತುಂಬಿದ ಬಸುರಿ. ಸೀಮಂತದ ಕುಬಸವಾಗಿತ್ತು, ಇನ್ನು ತವರಿಗೆ ಕರೆದೊಯ್ಯುವುದಷ್ಟೇ ಬಾಕಿ. ಚೊಚ್ಚಲ ಹೆರಿಗೆ ತವರಿನಲ್ಲಿ ಎನ್ನುವುದು ಸುಮ್ಮನೆ ಶಾಸ್ತ್ರವಲ್ಲ. ನನ್ನ ಅಕ್ಕನಿಗೆ ಮೊದಲ ಹೆರಿಗೆ ಬಹಳ ಕಷ್ಟವಾಗಿ, ಅವ್ವನ ಕೈಯನ್ನೇ ಹಿಡಿದು ಬದುಕಿ ಬಂದಿದ್ದಳು. ಎರಡೂ ಊರಿಗೆ ಇದ್ದವಳು ಒಬ್ಬಳೇ ಸೂಲಗಿತ್ತಿ, ಆಕೆಯೂ ಹುಣಸೆಮರದ ಕಡೆಯವಳು. ಈ ಜಗಳದಲ್ಲಿ ಆಕೆಯನ್ನೂ ಈ ಕಡೆ ಬಿಡುತ್ತಿರಲಿಲ್ಲ. ನಮ್ಮ ಹಿತ್ತಿಲಲ್ಲಿ ನಿಂತರೆ ನನ್ನ ತವರಿನ ಮಾಳಿಗೆಯ ಹೊಗೆ ಕಾಣುತ್ತಿತ್ತು. ನಡುವೆ ಒಂದು ಚಪ್ಪಡಿ, ಎರಡು "ಹಳೇ".

ಅವ್ವ ಬಟ್ಟೆ ಒಗೆಯಲು ಕಾಲುವೆಯ ಆ ದಂಡೆಗೆ ಬರುತ್ತಿದ್ದಳು, ನಾನು ಈ ದಂಡೆಗೆ. "ದಾಟಬ್ಯಾಡ ಅಂದಾರ, ಮಾತಾಡಬ್ಯಾಡ ಅಂದಿಲ್ಲಲ್ಲ" ಎಂದು ಆಕೆಯೇ ನ್ಯಾಯ ತೀರಿಸಿದಳು. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಚಿಗಳಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ಈ ಕಡೆಗೆ ಎಸೆಯುತ್ತಿದ್ದಳು. ಒಮ್ಮೆ ಗಂಟು ನೀರಿಗೆ ಬಿದ್ದು ತೇಲಿ ಹೋಯಿತು. ಅವ್ವ ಅದರ ಹಿಂದೆ ದಂಡೆಗುಂಟ ಓಡುತ್ತ, "ಹೋತಲ್ಲೇ, ಕಂಪ್ಲಿಯ ಯಾವ ಬಸುರಿ ಬಾಯಿಗೆ ಬೀಳ್ತದೋ!" ಎಂದು ನಕ್ಕಳು. ನಕ್ಕು ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ನಿಮ್ಮ ಅಜ್ಜ ತಂದೆಯ ಎದುರು ಮಾತಾಡುವವರಲ್ಲ. ದನದ ಕೊಟ್ಟಿಗೆಯಲ್ಲಿ ನನಗೆ ಮಾತ್ರ ಕೇಳುವಂತೆ, "ಊರು ಹೆಸರು ಬಿಡಂಗಿಲ್ಲ ಅಂದ್ರ ನಾನ ಬಿಡ್ತೀನಿ ತಗೋ. ನಾಳಿಂದ ನನ್ನ ಏನಂತ ಕರೀತಿ?" ಎಂದು ಕೇಳಿದರು. "ನಾ ಯಾವತ್ತು ಕರದೀನಿ?" ಎಂದೆ. ಇಬ್ಬರೂ ನಕ್ಕೆವು. ಆದರೆ ದಿನ ಹತ್ತಿರ ಬರುತ್ತಿದ್ದವು.

ಕೊನೆಗೆ ಹೊಸಪೇಟೆಯಿಂದ ಒಬ್ಬ ಸಾಹೇಬರು ಬಂದರು. ತೆಲುಗಿನವರು, ಕನ್ನಡವನ್ನು ನಿಧಾನವಾಗಿ ಆರಿಸಿ ಆರಿಸಿ ಆಡುತ್ತಿದ್ದರು. ಗದ್ದುಗೆಯ ಹತ್ತಿರ ಎರಡೂ ಊರಿನ ಗಂಡಸರನ್ನು ಕೂರಿಸಿ ಬೆಳಗಿನಿಂದ ಕೇಳಿದರು. ಬೆತ್ತ ಮೊದಲು, ನಿದ್ದೆ ಮೊದಲು ಎಂಬ ಕೂಗಾಟ ಹಿತ್ತಿಲ ತನಕ ಕೇಳುತ್ತಿತ್ತು. ಬಿಸಿಲು ಏರಿದಾಗ ಸಾಹೇಬರು ಸೋತು, ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತರು. ಅತ್ತೆ ಮಜ್ಜಿಗೆಯ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನು ಬಾಗಿಲ ಮರೆಯಿಂದ ಅದನ್ನು ಹೊಸ್ತಿಲ ಮೇಲಿಟ್ಟೆ.

"ಮಗಳಾ?" ಎಂದು ಸಾಹೇಬರು ಮಾವನನ್ನು ಕೇಳಿದರು.

"ಸೊಸಿರಿ."

"ಯಾವ ಊರಿನ ಹುಡುಗಿ?"

ಮಾವ ಎಲೆಯಡಿಕೆಯ ಚಂಚಿ ಬಿಚ್ಚಿದರು. ಏನು ಹೇಳಿಯಾರು? ಬರೀ ಹೆಸರು ಹೇಳಿದರೆ ಇದೇ ಊರಿನವಳು ಎಂದಂತಾಗುತ್ತದೆ. ಹಳೇದು ಎಂದರೆ ಸೋತಂತೆ. ಹೊಸದು ಎಂದರೆ ಅಂಗಳದಲ್ಲಿ ನಿಂತ ಆ ಕಡೆಯವರು ಎಗರಿ ಬೀಳುತ್ತಾರೆ. ಸಾಹೇಬರು ನಿಮ್ಮ ಅಜ್ಜನ ಕಡೆ ನೋಡಿದರು. ಅವರು ತಂದೆಯ ಕಡೆ ನೋಡಿದರು. ಆಗ ಸಾಹೇಬರು ಬಾಗಿಲಿನತ್ತ ತಿರುಗಿ, "ನೀನೇ ಹೇಳಮ್ಮಾ. ನಿನ್ನ ಪುಟ್ಟಿಲ್ಲು, ತವರುಮನೆ, ಯಾವ ಊರು?" ಎಂದರು.

ಗಂಡಸರ ಎದುರು ನಾನು ಅಲ್ಲಿಯ ತನಕ ಒಂದು ಮಾತನ್ನೂ ಆಡಿದವಳಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಹೊಟ್ಟೆಯಲ್ಲಿ ಕೂಸು ಒದ್ದಿತು, ನನಗೆ ತವರಿನ ಹೊಗೆ ನೆನಪಾಯಿತು. ಬಾಗಿಲ ಹಿಂದಿನಿಂದಲೇ ಹೇಳಿದೆ:

"ಹುಣಸಿಯೂರು ರೀ."

ಸಾಹೇಬರು ಪಕ್ಕದ ಗುಮಾಸ್ತನ ಮುಖ ನೋಡಿದರು. "ಅಂಥ ಊರು ನಮ್ಮ ನಕ್ಷೆಯಲ್ಲಿ ಇಲ್ಲವಲ್ಲ? ಎಲ್ಲಿದೆ?"

"ಕಾಲುವಿ ಆ ಕಡೆ ರೀ."

"ಮತ್ತೆ ಇದು?"

"ಇದು ಗುಂಡಿನೂರು ರೀ."

ಗುಮಾಸ್ತ ನಕ್ಷೆಯನ್ನು ಮಡಚಿ, ಬಿಚ್ಚಿ, ತಿರುಗಿಸಿದ. ಮಾವ ಮುಜುಗರದಿಂದ, "ಅದು ಹೆಂಗಸರ ಮಾತು ರೀ ಸಾಹೇಬ್ರ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು. ಅಷ್ಟರಲ್ಲಿ ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು.

"ಹೆಂಗಸರ ಮಾತಲ್ಲದ ಮತ್ತೇನು? ಗಂಡನ ಹೆಸರು, ಮಾವನ ಹೆಸರು ಊರಿಗಿಟ್ಟು ಕುಂತೀರಿ. ನಾವು ನಾಲಿಗಿ ಕಡ್ಕೊಂಡು ಓಡಾಡಬೇಕೇನು? ನಮ್ಮತ್ತಿ ಹಂಗ ಅಂದಳು, ಅವರತ್ತಿ ಹಂಗ ಅಂದಳು. ಈ ದಂಡಿಗೂ ಅದೇ ಮಾತು, ಆ ದಂಡಿಗೂ ಅದೇ ಮಾತು. ಬೇಕಾದ್ರ ಕೇಳಿ ನೋಡ್ರಿ."

ಸಾಹೇಬರು ನಿಜವಾಗಿಯೂ ಕೇಳಿದರು. ಬಾವಿಯ ಹತ್ತಿರ ಕೊಡ ಹೊತ್ತವರನ್ನು ಕೇಳಿದರು, ಸೇತುವೆ ದಾಟಿ ಆ ಕಡೆ ಕಬ್ಬಿನ ಕಳೆ ತೆಗೆಯುವವರನ್ನು ಕೇಳಿದರು. ಊರಿನ ಹೆಸರು ಕೇಳಿದರೆ ಮೊದಲು ಸೆರಗು ಬಾಯಿಗೆ ಹೋಗುತ್ತಿತ್ತು, ಆಮೇಲೆ ಅದೇ ಎರಡು ಮಾತು. ನನ್ನ ಅವ್ವನನ್ನೂ ಕೇಳಿದರಂತೆ. ಆಕೆ ಹುಣಸೆಮರದ ಕಡೆ ಒಂದು ಬೆರಳು, ಗುಂಡಿನ ಕಡೆ ಒಂದು ಬೆರಳು ತೋರಿಸಿ, "ಕಣ್ಣಿಗೆ ಕಾಣೋದಕ್ಕ ಸಾಕ್ಷಿ ಬೇಕೇನ್ರಿ?" ಎಂದಳಂತೆ. ಬೆಳಗಿನಿಂದ ಗಂಡಸರಲ್ಲಿ ಇಬ್ಬರು ಒಂದೇ ಮಾತು ಹೇಳಿರಲಿಲ್ಲ. ಎರಡು ಊರಿನ ಹೆಂಗಸರಲ್ಲಿ ಒಬ್ಬಳೂ ಬೇರೆ ಮಾತು ಹೇಳಲಿಲ್ಲ.

ಹೊರಡುವ ಮುಂಚೆ ಸಾಹೇಬರು ಮತ್ತೆ ನಮ್ಮ ಬಾಗಿಲಿಗೆ ಬಂದು, "ಅಮ್ಮಾ, ನಿನ್ನ ಪ್ರಕಾರ ಎರಡರಲ್ಲಿ ಹಳೇದು ಯಾವುದು?" ಎಂದು ಕೇಳಿದರು. ನಗಿಸಲು ಕೇಳಿದರೋ ಏನೋ. ಒಮ್ಮೆ ಬಾಯಿ ಬಿಟ್ಟವಳಿಗೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.

"ಒಂದು ಹುಟ್ಟಿದ್ದು, ಒಂದು ಕೊಟ್ಟದ್ದು ರೀ. ನನಗ ಎರಡೂ ಬೇಕು."

ಸ್ವಲ್ಪ ದಿನಕ್ಕೆ ಡಂಗುರ ಹೊಡೆದರು. ಎರಡೂ ಊರಿಗೆ ತಾತನ ಹೆಸರೇ ಇರತಕ್ಕದ್ದು, ಗುರುತಿಗೆ ಪಕ್ಕದಲ್ಲಿ ಒಂದಕ್ಕೆ ಹುಣಸೆಯೂರು, ಒಂದಕ್ಕೆ ಗುಂಡಿನೂರು ಎಂದು ಬರೆಯತಕ್ಕದ್ದು. ಹಳೇದೂ ಇಲ್ಲ, ಹೊಸದೂ ಇಲ್ಲ. ಮಾವ ಕಟ್ಟೆಯ ಮೇಲೆ ಕುಳಿತು, "ಹೆಂಗಸರು ಇಟ್ಟ ಹೆಸರು ಸರಕಾರಕ್ಕ ಬಂತಲ್ಲಪ್ಪ" ಎಂದು ಎಲೆಯಡಿಕೆ ಉಗಿದರು. ಆದರೂ ಆ ಕಡೆಯವರಿಗೆ ಹಳೇದು ಸಿಗಲಿಲ್ಲವೆಂಬ ಸಮಾಧಾನ ಅವರ ಮುಖದಲ್ಲಿತ್ತು. ನನ್ನ ಅಪ್ಪನ ಮುಖದಲ್ಲೂ ಅದೇ ಸಮಾಧಾನ ಇತ್ತೆಂದು ಆಮೇಲೆ ಅವ್ವ ಹೇಳಿದಳು.

ಇನ್ನು ಉಳಿದದ್ದು ಕಲ್ಲಿನ ಮೇಲಿನ ಅಕ್ಷರ. ಮೊದಲು ಯಾರು ಅಳಿಸಬೇಕು? ಅವರು ಅಳಿಸಲಿ ಎಂದು ಇವರು, ಇವರು ಅಳಿಸಲಿ ಎಂದು ಅವರು. ಸರಕಾರ ತೀರಿಸಿದ ಮೇಲೂ ಆಣೆ ತೀರಲಿಲ್ಲ. ನನಗೆ ನಡೆದರೆ ಸೊಂಟ ಹಿಡಿಯುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಬುಟ್ಟಿಯಲ್ಲಿ ಸಗಣಿ ತುಂಬಿಕೊಂಡು, "ನಡಿಯೇ ಬೆಲ್ಲ, ಹಬ್ಬ ಬಂತು, ಸೇತುವಿ ಸಾರಿಸಬೇಕು" ಎಂದು ಹೊರಟರು. ಸೇತುವೆಯನ್ನು ಹಬ್ಬಕ್ಕೆ ಸಾರಿಸುವ ಪದ್ಧತಿ ಎಂದೂ ಇರಲಿಲ್ಲ. ನಾನು ಹಿಂದೆ ಹೋದೆ. ನೋಡಿದರೆ ಆ ತುದಿಯಲ್ಲಿ ನನ್ನ ಅವ್ವ, ಅವಳ ಕೈಯಲ್ಲೂ ಸಗಣಿ ಬುಟ್ಟಿ. ಬೀಗಿತಿಯರು ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಸೆರಗು ಸಿಕ್ಕಿಸಿ, ಬಗ್ಗಿ, ಇಬ್ಬರೂ ತಮ್ಮ ತಮ್ಮ ಕಲ್ಲನ್ನು ಮೇಲಿನಿಂದ ಕೆಳಗಿನ ತನಕ ಸಾರಿಸಿದರು. ಸುಣ್ಣದ ಅಕ್ಷರ ಸಗಣಿಯ ಕೆಳಗೆ ಹೋಯಿತು. ಯಾರ ಕೈ ಮೊದಲು ಬಿತ್ತು ಎಂದು ಎರಡೂ ಊರಿನವರು ನನ್ನನ್ನು ಬಹಳ ಸಲ ಕೇಳಿದ್ದಾರೆ. ನಾನು ಅಲ್ಲೇ ನಿಂತಿದ್ದೆ. ಇಬ್ಬರೂ ಒಟ್ಟಿಗೇ ಬಗ್ಗಿದರು ಎಂದೇ ಹೇಳಿದ್ದೇನೆ, ಈಗಲೂ ಅದನ್ನೇ ಹೇಳುತ್ತೇನೆ.

ಮಧ್ಯಾಹ್ನಕ್ಕೆ ಅಪ್ಪ ಬಂಡಿ ಕಟ್ಟಿಕೊಂಡು ಬಂದ. ಹುಣಸೆಮರ ದಾಟುವಾಗ ಅದರ ಕಾಯಿಗಳು ಗಾಳಿಗೆ ಗಲಗಲ ಎಂದವು. ಸೂಲಗಿತ್ತಿ ತವರಿನ ಕಟ್ಟೆಯ ಮೇಲೆ ಎಲೆ ಹಾಕುತ್ತ ಕಾದಿದ್ದಳು. ನಿಮ್ಮ ಅಪ್ಪ ಹುಟ್ಟಿದ್ದು ಅಲ್ಲಿ, ಅವ್ವನ ಕೈ ನನ್ನ ಕೈಯಲ್ಲಿದ್ದಾಗ. ಅಕ್ಕನಿಗಾದಷ್ಟು ಕಷ್ಟ ನನಗೆ ಆಗಲಿಲ್ಲ.

ಕೂಸಿನ ಕತ್ತು ನಿಂತ ಮೇಲೆ ತೊಟ್ಟಿಲು ಹೊರಿಸಿಕೊಂಡು ಸೇತುವೆ ದಾಟಿ ಬಂದೆ. ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ನೆರೆದಿದ್ದರು. ನಾದಿನಿ ಬಾಗಿಲಿಗೆ ಮತ್ತೆ ಕೈ ಅಡ್ಡ ಹಿಡಿದಳು.

"ಹ್ವಾದ ಸಲ ನುಸುಳಿದಿ. ಈ ಸಲ ಕೂಸು ಹೊತ್ತು ಹೆಂಗ ನುಸುಳ್ತಿ ನೋಡೋಣು. ಒಡಪು ಹಾಕು."

ಹಿಂದಿನಿಂದ ಒಬ್ಬಳು, "ಬೆಲ್ಲದ ತನಕ ಬರ್ತಾಳ, ಅಲ್ಲೇ ಅಂಟ್ಕೋತಾಳ" ಎಂದಳು. ಎಲ್ಲರೂ ನಕ್ಕರು. ನಿಮ್ಮ ಅಜ್ಜ ಕೊಟ್ಟಿಗೆಯ ಕಂಬದ ಹಿಂದೆ ನಿಂತದ್ದು ನನಗೆ ಕಂಡಿತು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು, ತಲೆ ಎತ್ತಿ, ಹಂಪಿಯ ಬಾಳೆಯಿಂದ ಶುರುಮಾಡಿದೆ. ಬೆಲ್ಲಕ್ಕೆ ಬಂದೆ. ನಿಲ್ಲಲಿಲ್ಲ. ಹೆಸರು ಹೇಳಿದೆ, ಅಂಗಳದ ಕೊನೆಯವರಿಗೂ ಕೇಳುವಂತೆ ಹೇಳಿದೆ, ನನಗೇನು ನಾಚಿಕಿಲ್ಲ ಎಂದು ಮುಗಿಸಿದೆ. ಜೀವಮಾನದಲ್ಲಿ ಅದೊಂದೇ ಸಲ. ಹೇಳಿದ್ದು ಒಂದು ಹೆಸರು, ಆದರೆ ಗಂಡನನ್ನೂ ಹುಟ್ಟಿದೂರನ್ನೂ ಸೇರಿದೂರನ್ನೂ ಒಂದೇ ಉಸಿರಿನಲ್ಲಿ ಕರೆದ ಹಾಗಾಯಿತು. ಶಾಲೆಯ ಹಲಗೆಯ ಮೇಲೆ ಬರೆಯುತ್ತಿದ್ದಾಗಿನ ಅದೇ ದುಂಡು ಹೆಸರು.

ಕಟ್ಟೆಯ ಮೇಲೆ ಕುಳಿತಿದ್ದ ಮಾವ ಮುಖ ತಿರುಗಿಸದೆಯೇ ಕೇಳಿದರು, "ಯಾವೂರಿನ ಹೆಸರು ಹೇಳಿದಳು? ಈ ಕಡೀದೋ, ಆ ಕಡೀದೋ?"

"ನಿಮ್ಮ ಮಗಂದು" ಎಂದ ಅತ್ತೆ ಬಾಗಿಲಿಗೆ ಅಡ್ಡ ನಿಂತವರ ಕಡೆ ತಿರುಗಿದರು. "ಕೂಸು ಎದ್ದೈತಿ, ದಾರಿ ಬಿಡ್ರಿ."